ಬಿಡುಗಡೆಯಾಗದ ತಂತ್ರಾಂಶಕ್ಕೆ ನೆರವು ನೀಡಬೇಕೆ?

(ಶಾಲೆಯ ವಾರ್ಷಿಕೋತ್ಸವದ ಅಂಗವಾಗಿ ನಡೆದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ವೇದಿಕೆಯಿಂದ ಪ್ರತಿವರ್ಷವೂ ಹಾಜರಿ, ಶಿಸ್ತು ಮತ್ತು ಪರೀಕ್ಷಾಫಲಿತಾಂಶಗಳ ವಿಷಯವಾಗಿ ನಾಲ್ಕು ಮಾತುಗಳನ್ನಾಡುವುದು ನಮ್ಮ ವಾಡಿಕೆ. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಅಚ್ಚಾಗಿರುವುದರಿಂದ ಈ ಸಲ ಬೇರೊಂದು ವಿಷಯವನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇವೆ. ವಿಷಯ ಹೊಸದು, ಆದರೆ ಅದರಿಂದ ಹುಟ್ಟಿದ ನಷ್ಟ ನಮ್ಮ ಶಾಲೆಯ ಜಗಲಿಯ ಮೇಲೆಯೇ ಆದುದು. ಆದಕಾರಣ ಇದನ್ನು ತಾವೆಲ್ಲರೂ ತಿಳಿದಿರುವುದು ವಿಹಿತ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಹೊಸೂರಿನ ಕಾರ್ಖಾನೆಗಳಲ್ಲಿಯೂ, ಕೆಲವರು ದಿನವೂ ಅತ್ತಿಬೆಲೆಯ ಗಡಿ ದಾಟಿ ಬೆಂಗಳೂರಿನಲ್ಲಿಯೂ ದುಡಿಯುತ್ತಿರುವರು. ಅವರು ಭಾನುವಾರದ ವಿಶ್ರಾಂತಿಯನ್ನು ಬಿಟ್ಟು, ಬೆಳಗಿನ 10 ಗಂಟೆಯಿಂದ 1 ಗಂಟೆಯವರೆಗೆ ನಮ್ಮ ಶಾಲೆಯ ಒಂದು ಕೊಠಡಿಯಲ್ಲಿ ಮೇಜು ಹಾಕಿಕೊಂಡು ಕೂರುತ್ತಾರೆ. ಕಂಪ್ಯೂಟರಿನಲ್ಲಾಗಲಿ, ಮೊಬೈಲಿನಲ್ಲಾಗಲಿ ತೊಡಕು ಬಂದವರು ಯಾರು ಬಂದರೂ ಕಾಸು ಪಡೆಯದೆ ನೆರವಾಗುತ್ತಾರೆ. ಡೆಂಕಣಿಕೋಟೆ, ತಳಿ, ಕೆಲಮಂಗಲ, ಬಾಗಲೂರು ಕಡೆಯ ಹಳ್ಳಿಗಳಿಂದಲೂ ಜನ ಬರುತ್ತಾರೆ. ಮನೆಯಲ್ಲಿ ಕನ್ನಡ ಅಥವಾ ತೆಲುಗು, ಕಛೇರಿಯಲ್ಲಿ ತಮಿಳು, ಯಂತ್ರದ ಮೇಲೆ ಆಂಗ್ಲ ಎಂಬ ಸ್ಥಿತಿಯಲ್ಲಿರುವ ನಮ್ಮ ಜನರಿಗೆ ಇದೊಂದು ದೊಡ್ಡ ಉಪಕಾರ.

ಈ ಮೇಜಿನ ಮುಂದೆ ಕಳೆದ ವರ್ಷ ಒಂದು ಪ್ರಶ್ನೆ ಎದ್ದಿತು. ಇನ್ನೂ ಬಿಡುಗಡೆಯಾಗದ, ಪರೀಕ್ಷೆಯ ಹಂತದಲ್ಲಿರುವ ತಂತ್ರಾಂಶವನ್ನು ಹಾಕಿಕೊಂಡು ತೊಂದರೆಗೆ ಸಿಲುಕಿದವರಿಗೂ ಈ ಮೇಜು ನೆರವು ನೀಡಬೇಕೆ, ಬೇಡವೆ? ಇದೇ ಇಂದಿನ ವಿಷಯ.

ಬಿಡುಗಡೆಯಾಗದ ತಂತ್ರಾಂಶವೆಂದರೇನು ಎಂಬುದನ್ನು ಮೊದಲು ತಿಳಿಯೋಣ. ನಮ್ಮದು ಮಾವಿನ ಸೀಮೆ. ಹೀಚು, ದೋರೆಗಾಯಿ, ಹಣ್ಣು ಎಂಬ ಮೂರು ಅವಸ್ಥೆಗಳನ್ನು ಕೃಷ್ಣಗಿರಿಯ ಮಕ್ಕಳಿಗೆ ಯಾರೂ ಕಲಿಸಬೇಕಾದುದಿಲ್ಲ. ತಂತ್ರಾಂಶಕ್ಕೂ ಇಂಥ ಅವಸ್ಥೆಗಳುಂಟು. ಕಟ್ಟುವವರು ತಮ್ಮೊಳಗೇ ನೋಡಿಕೊಳ್ಳುವ ಹೀಚಿಗೆ ಗ್ರೀಕ್ ವರ್ಣಮಾಲೆಯ ಮೊದಲ ಅಕ್ಷರದಿಂದ ಆಲ್ಫಾ ಎಂದು ಹೆಸರು. ಹೊರಗಿನವರಿಗೂ ಕೊಟ್ಟು ರುಚಿ ನೋಡಿಸುವ ದೋರೆಗಾಯಿಗೆ ಎರಡನೆಯ ಅಕ್ಷರದಿಂದ ಬೀಟಾ ಎಂದು ಹೆಸರು. ತಪ್ಪುಗಳನ್ನು ತಿದ್ದಿ ಲೋಕಕ್ಕೆ ಒಪ್ಪಿಸಿದುದೇ ಬಿಡುಗಡೆ. ದೋರೆಗಾಯಿ ಕೆಟ್ಟ ಪದಾರ್ಥವಲ್ಲ. ಆದರೆ ಅದನ್ನು ಹಣ್ಣೆಂದು ನಂಬಿ ನೆಂಟರ ಎಲೆಗೆ ಬಡಿಸಕೂಡದು, ಅಷ್ಟೆ.

ಬಡಿಸಿದವರು ಯಾರೆಂದು ಕೇಳಿದರೆ, ಸಂಕೋಚದಿಂದಲೇ ಹೇಳಬೇಕಾಗಿದೆ: ನಾವೇ. ಬರವಣಿಗೆಯ ತಂತ್ರಾಂಶವೊಂದರ ಮುಂದಿನ ಆವೃತ್ತಿಯಲ್ಲಿ ಕನ್ನಡದ ಕಾಗುಣಿತ ತಿದ್ದುವ ಸೌಕರ್ಯವಿದೆಯೆಂದು ಕೇಳಿ, ಅದರ ಬೀಟಾ ಆವೃತ್ತಿಯನ್ನು ಕಛೇರಿಯ ಕಂಪ್ಯೂಟರಿಗೆ ಹಾಕಿಸಿಕೊಂಡೆವು. ದಿನನಿತ್ಯದ ಕೆಲಸಕ್ಕೆ ಇದನ್ನು ಬಳಸಬೇಡಿರೆಂಬ ಎಚ್ಚರಿಕೆ ಪರದೆಯ ಮೇಲೆ ಮೂಡಿತು. ಓದಿದೆವು, ಓದಿಯೂ ಒಪ್ಪಿಗೆ ಎಂಬಲ್ಲಿ ಒತ್ತಿದೆವು. ಎಂಟು ದಿನ ಎಲ್ಲವೂ ಸುಗಮವಾಗಿತ್ತು. ಒಂಬತ್ತನೆಯ ದಿನ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನಪತ್ರಿಕೆಗಳನ್ನು ತೆರೆದಾಗ ಒತ್ತಕ್ಷರಗಳೆಲ್ಲ ಕಳಚಿ ಚೆಲ್ಲಾಪಿಲ್ಲಿಯಾಗಿದ್ದವು. ಹಳೆಯ ಆವೃತ್ತಿಯಲ್ಲಿ ತೆರೆಯೋಣವೆಂದರೆ, ಹೊಸದು ಬರೆದಿಟ್ಟುದನ್ನು ಹಳೆಯದು ಓದಲಾರದಾಯಿತು.

ಆ ಭಾನುವಾರ ಮೇಜಿನ ಬಳಿ ಕುಳಿತಿದ್ದ ಮೂವರನ್ನೂ ನಾವು ಕಛೇರಿಗೆ ಕರೆಸಿಕೊಂಡೆವು. ಮುಖ್ಯೋಪಾಧ್ಯಾಯರ ಕರೆ, ಅವರು ಇಲ್ಲವೆನ್ನಲಾಗಲಿಲ್ಲ. ಒಂದೂವರೆ ಗಂಟೆಯವರೆಗೂ ಹೆಣಗಿದರು, ಫಲ ಸಿಕ್ಕಲಿಲ್ಲ. ಅದೇ ಹೊತ್ತಿನಲ್ಲಿ ಹಳ್ಳಿಯೊಂದರಿಂದ ಬಂದ ತಾಯಿಯೊಬ್ಬರು ಮಗಳ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿಕೊಳ್ಳಲು ಜಗಲಿಯ ಬೆಂಚಿನ ಮೇಲೆ ಕಾದು ಕುಳಿತಿದ್ದರು. ಮಧ್ಯಾಹ್ನದ ಬಸ್ಸಿನ ಹೊತ್ತಾಗಲು ಎದ್ದು ಹೋದರು. ಮರುದಿನವೇ ಅರ್ಜಿಯ ಕೊನೆಯ ದಿನವೆಂದು ಆಕೆ ಹೇಳಲಿಲ್ಲ. ನಾವು ಯಾರೂ ಕೇಳಲೂ ಇಲ್ಲ. ಪ್ರಶ್ನಪತ್ರಿಕೆಗಳನ್ನು ಕೈಯಿಂದ ಬರೆದು ಪ್ರತಿ ತೆಗೆಸಿದೆವು, ಪರೀಕ್ಷೆ ನಡೆದುಹೋಯಿತು. ಅರ್ಜಿಯ ದಿನ ಮಾತ್ರ ಮರಳಿ ಬರಲಿಲ್ಲ. ಆ ಬಾಲಿಕೆಗೆ ಆ ವರ್ಷದ ವೇತನ ತಪ್ಪಿತು. ಸಂಘದವರು ಪುಸ್ತಕಗಳ ವೆಚ್ಚವನ್ನು ವಹಿಸಿದರೆಂಬುದು ನಿಜವಾದರೂ ಹಕ್ಕಿನಿಂದ ಬರತಕ್ಕದ್ದು ದಯೆಯಿಂದ ಬಂದುದಕ್ಕೆ ಸಮನಾಗದು.

ಇದಾದ ಮೇಲೆ ಹಳೆಯ ವಿದ್ಯಾರ್ಥಿಗಳ ನಡುವೆ ಎರಡು ಪಕ್ಷಗಳಾದವು. ಬಿಡುಗಡೆಯಾಗದುದನ್ನು ಈ ಮೇಜಿನ ಬಳಿ ಸೇರಿಸಲೇಕೂಡದೆಂದು ಒಂದು ಪಕ್ಷ. ಇಂದಿನ ಬೀಟಾವೇ ನಾಳಿನ ಬಿಡುಗಡೆ, ಕುತೂಹಲವಿರುವ ಹುಡುಗರನ್ನು ಅಟ್ಟಬಾರದೆಂದು ಇನ್ನೊಂದು ಪಕ್ಷ. ತೀರ್ಪನ್ನು ನಮಗೆ ಬಿಟ್ಟರು. ತಪ್ಪು ಮಾಡಿದವರೇ ತೀರ್ಪುಗಾರರಾಗುವುದು ವಿಚಿತ್ರವಾದರೂ, ಎರಡು ಪಕ್ಷಗಳ ಮಾತನ್ನೂ ಕೇಳಿ, ತಿಳಿದವರನ್ನು ವಿಚಾರಿಸಿ, ನಾವು ಕಂಡುಕೊಂಡುದನ್ನು ನಿವೇದಿಸುತ್ತೇವೆ.

ಬೇಡವೆನ್ನುವವರ ಪಕ್ಷದಲ್ಲಿ ಎರಡು ಬಲವಾದ ಕಾರಣಗಳಿವೆ. ಮೊದಲನೆಯದು, ನೆರವಿನ ಕಾಲ ಮಿತವಾದುದು. ಭಾನುವಾರದ 3 ಗಂಟೆಗಳನ್ನು ಎಳೆದು 4 ಮಾಡಲಾಗದು. ಬಿಡುಗಡೆಯಾದ ತಂತ್ರಾಂಶದ ತೊಡಕಿಗೆ ಸಾಮಾನ್ಯವಾಗಿ ಗೊತ್ತಿರುವ ಪರಿಹಾರವಿರುತ್ತದೆ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಬೀಟಾದ ತೊಡಕಿಗೆ ಅನೇಕವೇಳೆ ಕಟ್ಟಿದವರಿಗೇ ಪರಿಹಾರ ಗೊತ್ತಿರುವುದಿಲ್ಲ. ಒಬ್ಬನ ದೋರೆಗಾಯಿಗಾಗಿ ಹತ್ತು ಜನರ ಹಣ್ಣು ಕೊಳೆಯಬೇಕೆ?

ಎರಡನೆಯದು, ಬೀಟಾದ ಬಗೆಗೆ ಕೊಟ್ಟ ಸಲಹೆ ಬಹು ಬೇಗ ಹಳಸುತ್ತದೆ. ಈ ವಾರ ಇದ್ದ ದೋಷ ಮುಂದಿನ ವಾರ ಇರುವುದಿಲ್ಲ. ಇದ್ದ ಗುಂಡಿ ಬೇರೆಡೆ ಹೋಗಿರುತ್ತದೆ. ನಮ್ಮವರು ಪರಿಹಾರಗಳನ್ನು ಬರೆದು ಗೋಡೆಗೆ ಅಂಟಿಸುತ್ತಾರೆ. ಅವುಗಳಲ್ಲಿ ಬೀಟಾದ ಚೀಟಿಯೂ ಸೇರಿಕೊಂಡರೆ, ಆರು ತಿಂಗಳ ಮೇಲೆ ಬಂದ ಹುಡುಗನು ಅದನ್ನೇ ಸತ್ಯವೆಂದು ಅನುಸರಿಸಿ ಚೆನ್ನಾಗಿದ್ದ ಯಂತ್ರವನ್ನು ಕೆಡಿಸಿಕೊಳ್ಳುತ್ತಾನೆ. ಹಳೆಯ ವರ್ಷದ ಪಂಚಾಂಗದಿಂದ ಈ ವರ್ಷದ ಹಬ್ಬದ ದಿನವನ್ನು ಹೇಳಿದಂತಾಗುತ್ತದೆ.

ಬೇಕೆನ್ನುವವರ ಮಾತನ್ನೂ ಕೇಳೋಣ. ಬೀಟಾ ಎಂಬ ಹೆಸರೊಂದನ್ನೇ ನೋಡಿ ತಳ್ಳಲಾಗದೆಂಬುದು ಅವರ ವಾದ. ಇದರಲ್ಲಿ ಸತ್ಯವಿಲ್ಲದಿಲ್ಲ. ಗೂಗಲ್ ಸಂಸ್ಥೆಯ ಜಿಮೇಲ್ 2004ರ ಏಪ್ರಿಲ್‌ನಲ್ಲಿ ಬೀಟಾ ಎಂಬ ಪಟ್ಟಿಯೊಡನೆ ಹೊರಬಂದು, 2009ರ ಜುಲೈವರೆಗೂ ಆ ಪಟ್ಟಿಯನ್ನು ಕಳಚಲಿಲ್ಲ. 5 ವರ್ಷ ಲೋಕವೆಲ್ಲ ಅದರಲ್ಲಿ ಪತ್ರವ್ಯವಹಾರ ನಡೆಸಿತು. ಆದಕಾರಣ ನೋಡಬೇಕಾದುದು ಹೆಸರನ್ನಲ್ಲ. ಕಟ್ಟಿದವರು ಇದನ್ನು ದಿನನಿತ್ಯದ ಕೆಲಸಕ್ಕೆ ಬಳಸಬಹುದೆನ್ನುತ್ತಾರೆಯೆ, ಇಲ್ಲವೆ ಎಂಬುದನ್ನು.

ಅವರು ಕೊಡುವ ಇನ್ನೊಂದು ನಿದರ್ಶನ ನಮ್ಮ ನೆರೆಭಾಷೆಗೇ ಸಂಬಂಧಿಸಿದುದು. 2018ರ ಫೆಬ್ರವರಿಯಲ್ಲಿ ಆಪಲ್ ಸಂಸ್ಥೆಯ ಐಫೋನುಗಳಿಗೆ ತೆಲುಗಿನ ಒಂದು ಸಂಯುಕ್ತಾಕ್ಷರ ಬಂದರೆ, ಅದನ್ನು ತೋರಿಸಹೊರಟ ತಂತ್ರಾಂಶ ತಟ್ಟನೆ ಕುಸಿದುಬೀಳುತ್ತಿತ್ತು. ಆಗ ಬಿಡುಗಡೆಯಾಗಿದ್ದ 11.2.5ನೆಯ ಆವೃತ್ತಿಯಲ್ಲಿ ಆ ದೋಷವಿತ್ತು. ಪರೀಕ್ಷೆಯ ಹಂತದಲ್ಲಿದ್ದ 11.3ರ ಬೀಟಾದಲ್ಲಿ ಇರಲಿಲ್ಲ. ಹಣ್ಣೇ ಕೊಳೆತು ಕಾಯಿಯೇ ಚೆನ್ನಾಗಿದ್ದಂತೆ! ಆದರೆ ಕೆಲವೇ ದಿನಗಳಲ್ಲಿ, ಫೆಬ್ರವರಿ 19ರಂದು, ಆ ದೋಷವೊಂದನ್ನು ತಿದ್ದಿದ 11.2.6 ಬಿಡುಗಡೆಯಾಯಿತು. ತಾಳ್ಮೆಯಿಂದ ಕಾದವರಿಗೆ ಹಾನಿಯಾಗಲಿಲ್ಲ. ಈ ನಿದರ್ಶನದಿಂದ ನಾವು ಕಲಿಯತಕ್ಕದ್ದು ಎಲ್ಲರೂ ಬೀಟಾ ಹಾಕಿಕೊಳ್ಳಬೇಕೆಂದಲ್ಲ. ಕೋಟ್ಯಂತರ ಜನ ಬರೆಯುವ ತೆಲುಗಿನ ಅಕ್ಷರವೊಂದರ ದೋಷವು ಯಾರ ಕಣ್ಣಿಗೂ ಬೀಳದೆ ಬಿಡುಗಡೆಯವರೆಗೂ ನುಸುಳಿಬಂದಿತೆಂಬುದು ಮುಖ್ಯ.

ಇಲ್ಲಿಯೇ, ಮಹಾಶಯರೆ, ನಮ್ಮ ಮನಸ್ಸು ತಿರುಗಿದುದು. ಅಲ್ಲಿಯವರೆಗೂ ಬೇಡವೆಂಬ ಪಕ್ಷಕ್ಕೇ ವಾಲಿದ್ದೆವು. ತೆಲುಗಿನ ಗತಿ ಇದಾದಮೇಲೆ ಕನ್ನಡದ ಗತಿಯೇನು? ದೂರದೇಶದಲ್ಲಿ ಕುಳಿತು ತಂತ್ರಾಂಶವನ್ನು ಕಟ್ಟುವವನು ಎಷ್ಟೇ ಬುದ್ಧಿವಂತನಾದರೂ, ಕನ್ನಡ ಬಾರದಿದ್ದರೆ ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ಸರಿಯಾಗಿ ಬಿದ್ದಿದೆಯೆ, ‘ರಾಷ್ಟ್ರ’ದ ಎರಡು ಒತ್ತುಗಳೂ ಇವೆಯೆ, ‘ಸ್ವಾತಂತ್ರ್ಯ’ ಎಂಬುದು ಕಳಚಿದೆಯೆ ಎಂದು ಅವನಿಗೆ ಕಾಣದು. ನಮ್ಮ ನಾಲ್ಕನೆಯ ತರಗತಿಯ ಮಗುವಿಗೆ ಕಾಣುತ್ತದೆ. ಬಿಡುಗಡೆಗೆ ಮುಂಚೆ ಕನ್ನಡಿಗರು ನೋಡದಿದ್ದರೆ, ಬಿಡುಗಡೆಯಾದ ಮೇಲೆ ಕನ್ನಡಿಗರೇ ಅನುಭವಿಸಬೇಕು.

ಒಮ್ಮೆ ಪ್ರಕಟವಾದ ಮೇಲೆ ತಿದ್ದಲಾಗದ ತಪ್ಪುಗಳೂ ಉಂಟು. ಲೋಕದ ಲಿಪಿಗಳಿಗೆಲ್ಲ ಯಂತ್ರದಲ್ಲಿ ಒಂದೊಂದು ಸಂಖ್ಯೆಯನ್ನೂ ಹೆಸರನ್ನೂ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ 1991ರಲ್ಲಿ ಮೊದಲು ಪ್ರಕಟವಾಯಿತು. ಅದರಲ್ಲಿ ಹಳಗನ್ನಡದ ‘ೞ’ ಅಕ್ಷರಕ್ಕೂ ಸ್ಥಾನವುಂಟು. ಆದರೆ ಅದಕ್ಕೆ ಕೊಟ್ಟ ಆಂಗ್ಲ ಹೆಸರು ‘ಕನ್ನಡ ಲೆಟರ್ ಫಾ’! ೞಕಾರಕ್ಕೂ ಫಕಾರಕ್ಕೂ ಏನು ಸಂಬಂಧ? ತಪ್ಪು ತಿಳಿದುಬಂದಿತು, ಆದರೆ ಪ್ರಕಟವಾದ ಹೆಸರನ್ನು ಎಂದಿಗೂ ಬದಲಿಸಕೂಡದೆಂಬುದು ಆ ವ್ಯವಸ್ಥೆಯ ನಿಯಮ. ಆ ಹೆಸರನ್ನು ನಂಬಿ ನಡೆಯುವ ಬೇರೆ ತಂತ್ರಾಂಶಗಳು ಕೆಡಬಾರದೆಂದು ಹಾಗೆ. ಆದಕಾರಣ ಸರಿಯಾದ ಹೆಸರನ್ನು ಪಕ್ಕದಲ್ಲಿ ಉಪನಾಮವಾಗಿ ಸೇರಿಸಿದರು. ತಪ್ಪು ಹೆಸರು ಹಾಗೆಯೇ ಉಳಿಯಿತು. ಅಕ್ಷರದ ರೂಪಕ್ಕೆ ಇದರಿಂದ ಕುಂದಿಲ್ಲ, ನಿಜ. ಆದರೆ ಹೊಸೂರಿನ ಮಕ್ಕಳಿಗೆ ಈ ಕಥೆ ವಿಶೇಷವಾಗಿ ತಾಗಬೇಕು. ಕನ್ನಡದಿಂದ ಮರೆಯಾದ ಆ ಧ್ವನಿ ತಮಿಳಿನಲ್ಲಿ ಇಂದಿಗೂ ಜೀವಂತ. ತಮಿಳು ಎಂಬ ಭಾಷೆಯ ಹೆಸರಿನ ಕೊನೆಯಲ್ಲಿಯೇ ಅದಿದೆ. ಎರಡು ಭಾಷೆಗಳನ್ನೂ ಕಲಿಯುವ ನಮ್ಮ ಮಕ್ಕಳು ಅದನ್ನು ದಿನವೂ ಉಚ್ಚರಿಸುತ್ತಾರೆ. ಇಂಥ ಒಂದು ಮಗು ಅಚ್ಚಿಗೆ ಮುನ್ನ ಆ ಪಟ್ಟಿಯನ್ನು ನೋಡಿದ್ದರೆ ಸಾಕಾಗಿತ್ತು. ಈಗ ಯೂನಿಕೋಡಿನ ಹೊಸ ಆವೃತ್ತಿಗಳನ್ನು ಪ್ರಕಟಿಸುವ ಮುನ್ನ ಕರಡನ್ನು ಸಾರ್ವಜನಿಕರ ಪರಿಶೀಲನೆಗೆ ಇಡುತ್ತಾರೆ. ಇಟ್ಟಾಗ ನೋಡುವವರು ನಮ್ಮವರಲ್ಲಿಯೂ ಇರಬೇಕು.

ಹಾಗಾದರೆ ಮೇಜಿನ ಬಳಿ ಎಲ್ಲವನ್ನೂ ಸೇರಿಸಿಕೊಳ್ಳಬೇಕೆ? ಅಲ್ಲ. ನೆರವು ಬೇರೆ, ಪರೀಕ್ಷೆ ಬೇರೆ. ಈ ನಮ್ಮ ಪತ್ರಿಕೆಯನ್ನೇ ನೋಡಿರಿ. ಅಚ್ಚುಕೂಟದಿಂದ ಮೊದಲು ಕರಡಚ್ಚು ಬರುತ್ತದೆ. ಅದನ್ನು ತಿದ್ದುವವರಿಗೆ ಕೊಡುತ್ತೇವೆಯೇ ಹೊರತು ಚಂದಾದಾರರಿಗಲ್ಲ. ಚಂದಾದಾರನು ಕರಡನ್ನು ಹಿಡಿದು ಬಂದು ಅಕ್ಷರ ತಪ್ಪಿದೆಯೆಂದು ಜಗಳವಾಡಿದರೆ ಪ್ರಯೋಜನವಿಲ್ಲ; ತಿದ್ದುವವನು ಕರಡನ್ನು ನೋಡದೆ ಹೋದರೆ ಪತ್ರಿಕೆಯೇ ಕೆಡುತ್ತದೆ.

ಹಿರಿಯ ಸಂಸ್ಥೆಗಳೂ ಹೀಗೆಯೇ ನಡೆದುಕೊಂಡಿವೆ. ಸ್ವಯಂಸೇವಕರು 1993ರಲ್ಲಿ ಆರಂಭಿಸಿದ ಡೆಬಿಯನ್ ಎಂಬ ಮುಕ್ತ ತಂತ್ರಾಂಶದಲ್ಲಿ ಸ್ಥಿರ, ಪರೀಕ್ಷಾರ್ಥ, ಅಸ್ಥಿರ ಎಂದು ಮೂರು ವಿಭಾಗಗಳುಂಟು. ಅಸ್ಥಿರ ವಿಭಾಗಕ್ಕೆ ಸದಾಕಾಲವೂ ‘ಸಿಡ್’ ಎಂದೇ ಹೆಸರು. ಮಕ್ಕಳೆ, ‘ಟಾಯ್ ಸ್ಟೋರಿ’ ಎಂಬ ಚಲನಚಿತ್ರದಲ್ಲಿ ಆಟಿಕೆಗಳನ್ನು ಮುರಿದುಹಾಕುವ ಪಕ್ಕದ ಮನೆಯ ಹುಡುಗನ ಹೆಸರದು! ಅಲ್ಲಿಗೆ ಹೋಗುವವರು ಹೆಸರು ಕೇಳಿದೊಡನೆಯೇ ಎಚ್ಚರಗೊಳ್ಳಲೆಂಬ ಹಾಸ್ಯವಿರಬೇಕು. ವರ್ಷಕ್ಕೆರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬಿಡುಗಡೆಯಾಗುವ ಉಬುಂಟುವಿನ ಸ್ವಯಂಸೇವಕರೂ ಸಾಮಾನ್ಯ ಪ್ರಶ್ನೆಗಳಿಗೆ ಒಂದು ಸಂವಾದಕೋಣೆಯನ್ನೂ, ಬರಲಿರುವ ಆವೃತ್ತಿಯ ಪ್ರಶ್ನೆಗಳಿಗೆ ‘ಉಬುಂಟು ಪ್ಲಸ್ ಒನ್’ ಎಂಬ ಪ್ರತ್ಯೇಕ ಕೋಣೆಯನ್ನೂ ಇಟ್ಟುಕೊಂಡಿದ್ದರು. ಬಾಗಿಲು ಮುಚ್ಚಲಿಲ್ಲ; ಎರಡು ಬಾಗಿಲುಗಳನ್ನಿಟ್ಟರು.

ಎರಡನೆಯ ಬಾಗಿಲಿನ ಆಚೆ ಕೇಳುವವರೂ ಇರಬೇಕು. ಮೈಕ್ರೋಸಾಫ್ಟ್ ಸಂಸ್ಥೆಯು 2014ರಲ್ಲಿ, ಬಿಡುಗಡೆಗೆ ಮುನ್ನವೇ ವಿಂಡೋಸನ್ನು ಜನರಿಗೆ ಕೊಟ್ಟು ಪರೀಕ್ಷಿಸುವ ಏರ್ಪಾಟನ್ನು ಆರಂಭಿಸಿತು. 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ ಹೊಸ ಆವೃತ್ತಿ ಬಿಡುಗಡೆಯಾದಾಗ ಕೆಲವರ ಕಡತಗಳೇ ಅಳಿಸಿಹೋದವು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದು, ತಿದ್ದಿ, ನವೆಂಬರ್ 13ರಂದು ಮತ್ತೆ ಬಿಡುಗಡೆ ಮಾಡಿದರು. ವಿಷಾದದ ಸಂಗತಿಯೆಂದರೆ, ಈ ದೋಷವನ್ನು ಪರೀಕ್ಷಕರಲ್ಲಿ ಕೆಲವರು ತಿಂಗಳುಗಳ ಹಿಂದೆಯೇ ಬರೆದು ತಿಳಿಸಿದ್ದರು. ಬರೆದವರು ಕೆಲವರೇ ಆದುದರಿಂದ ರಾಶಿಯಲ್ಲಿ ಅದು ಮುಳುಗಿಹೋಯಿತು. ಆಮೇಲೆ, ದೋಷವೆಷ್ಟು ಗುರುತರವೆಂಬುದನ್ನೂ ಪರೀಕ್ಷಕರು ಸೂಚಿಸಲು ಅನುಕೂಲ ಮಾಡಿಕೊಟ್ಟರು. ಕಂಡರೆ ಸಾಲದು, ತಕ್ಕವರಿಗೆ, ತಕ್ಕ ರೀತಿಯಲ್ಲಿ, ಎಷ್ಟು ನಷ್ಟವೆಂಬುದನ್ನು ಸೇರಿಸಿ ತಿಳಿಸಬೇಕು. ಅರ್ಜಿ ಬರೆಯುವುದನ್ನು ನಾವು ಎಂಟನೆಯ ತರಗತಿಯಲ್ಲಿ ಕಲಿಸುವುದು ಇಂಥದಕ್ಕೇ ಅಲ್ಲವೆ?

ಇವೆಲ್ಲವನ್ನೂ ಆಲೋಚಿಸಿ, ಹಳೆಯ ವಿದ್ಯಾರ್ಥಿಗಳ ಒಪ್ಪಿಗೆ ಪಡೆದು, ಕೆಳಕಂಡ ಏರ್ಪಾಟನ್ನು ಮಾಡಿದ್ದೇವೆ.

ಒಂದನೆಯದಾಗಿ, ಭಾನುವಾರದ ಮೇಜು ಬಿಡುಗಡೆಯಾದ, ದಿನಬಳಕೆಯ ತಂತ್ರಾಂಶಕ್ಕೆ ಮಾತ್ರ. ಬಂದವರನ್ನೆಲ್ಲ ಮೊದಲು ಕೇಳತಕ್ಕ ಪ್ರಶ್ನೆ, ‘ತಮ್ಮ ಕೆಲಸಕ್ಕೆ ಕೊನೆಯ ದಿನ ಯಾವುದು?’ ಎಂಬುದು. ಮುಖ್ಯೋಪಾಧ್ಯಾಯರಿಗೂ ಇದೇ ಸರದಿ.

ಎರಡನೆಯದಾಗಿ, ಬೀಟಾ ಹಾಕಿಕೊಂಡು ಸಿಲುಕಿದವರನ್ನು ಬೈದು ಕಳಿಸಕೂಡದು. ಅನೇಕರಿಗೆ ತಮ್ಮ ಮೊಬೈಲಿನಲ್ಲಿರುವುದು ಬೀಟಾ ಎಂಬುದೇ ತಿಳಿದಿರುವುದಿಲ್ಲ. ಮನೆಯ ಹುಡುಗನು ಹಾಕಿರುತ್ತಾನೆ. ಅವರ ಬರಹ, ಚಿತ್ರಗಳಿಗೆ ಪ್ರತಿಯುಂಟೆ ಎಂದು ಕೇಳಿ, ಇಲ್ಲದಿದ್ದರೆ ಮೊದಲು ಪ್ರತಿ ತೆಗೆದುಕೊಟ್ಟು, ಬಿಡುಗಡೆಯಾದ ಆವೃತ್ತಿಗೆ ಮರಳುವ ದಾರಿ ತೋರಿಸಬೇಕು. ಅಷ್ಟು ನೆರವು ಎಲ್ಲರಿಗೂ ಸಲ್ಲುತ್ತದೆ. ಬೀಟಾವನ್ನೇ ರಿಪೇರಿ ಮಾಡುವ ಹೊಣೆ ಕಟ್ಟಿದವರದು.

ಮೂರನೆಯದಾಗಿ, ತಿಂಗಳಿಗೊಂದು ಶನಿವಾರ ಸಂಜೆ ಬೇರೊಂದು ಮೇಜು. ಅದಕ್ಕೆ ಯಾರ ಕೆಲಸವೂ ಇಲ್ಲದ, ಕೆಟ್ಟರೂ ಅಳುವವರಿಲ್ಲದ ಒಂದು ಹಳೆಯ ಕಂಪ್ಯೂಟರ್. ಕನ್ನಡದಲ್ಲಿ ದೊರೆಯುವ ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಮೊದಲಾದವುಗಳ ಬರಲಿರುವ ಆವೃತ್ತಿಗಳನ್ನು ಅಲ್ಲಿ ನೋಡುವುದು. ಇದಕ್ಕಾಗಿ ಏಳು ಮತ್ತು ಎಂಟನೆಯ ತರಗತಿಯ ಮಕ್ಕಳು ಒಂದು ಪದಪಟ್ಟಿಯನ್ನು ಸಿದ್ಧಪಡಿಸಿದ್ದಾರೆ. ಕ್ಷಕಾರ, ಜ್ಞಕಾರ, ಸ್ತ್ರೀ, ರಾಷ್ಟ್ರ, ವೈಶಿಷ್ಟ್ಯ, ಸೂರ್ಯ, ೧ರಿಂದ ೯ರವರೆಗಿನ ಕನ್ನಡದ ಅಂಕಿಗಳು, ಕೊನೆಯಲ್ಲಿ ಆ ೞ ಸಹ ಅದರಲ್ಲಿದೆ. ಬರೆಯುವುದು, ಉಳಿಸುವುದು, ಮುಚ್ಚುವುದು, ಮತ್ತೆ ತೆರೆಯುವುದು, ಅಚ್ಚು ತೆಗೆಯುವುದು. ಐದೂ ಕಡೆ ಪಟ್ಟಿ ಒಂದೇ ಬಗೆಯಾಗಿದೆಯೆ ಎಂದು ನೋಡುವುದು.

ನಾಲ್ಕನೆಯದಾಗಿ, ದೋಷ ಕಂಡರೆ ಒಂದು ನೋಟುಪುಸ್ತಕದಲ್ಲಿ ಐದು ಸಂಗತಿಗಳನ್ನು ಬರೆಯಬೇಕು: ಯಾವ ಆವೃತ್ತಿ, ಏನು ಮಾಡಿದೆವು, ಏನಾಗಬೇಕಿತ್ತು, ಏನಾಯಿತು, ಇದರಿಂದ ಯಾರಿಗೆ ಎಷ್ಟು ನಷ್ಟ. ಅದನ್ನು ಕಟ್ಟಿದವರಿಗೆ ಕಳುಹಿಸುವುದು. ಗೋಡೆಗೆ ಅಂಟಿಸುವುದು ಮಾತ್ರ ಕೂಡದು. ತಂತ್ರಾಂಶ ಬಿಡುಗಡೆಯಾದ ದಿನ ಆ ಪುಸ್ತಕವನ್ನು ತೆರೆದು, ಉಳಿದಿರುವ ದೋಷಗಳನ್ನು ಮಾತ್ರ ಭಾನುವಾರದ ಮೇಜಿಗೆ ತಿಳಿಸುವುದು. ಹೀಗೆ ಪರೀಕ್ಷೆಯವರ ಶ್ರಮ ತಕ್ಕ ಕಾಲದಲ್ಲಿ ನೆರವಿನವರ ತಿಳಿವಳಿಕೆಯಾಗುತ್ತದೆ.

ಪೋಷಕರಲ್ಲಿ ಒಂದು ವಿನಂತಿ. ಮನೆಯಲ್ಲಿ ಇರುವುದು ಒಂದೇ ಮೊಬೈಲಾದರೆ ಅದರಲ್ಲಿ ಪರೀಕ್ಷೆಗಳನ್ನು ನಡೆಸಲು ಮಕ್ಕಳಿಗೆ ಬಿಡಬೇಡಿರಿ. ಕುತೂಹಲವಿದ್ದರೆ ಶನಿವಾರದ ಮೇಜಿಗೆ ಕಳುಹಿಸಿರಿ. ವಿದ್ಯಾರ್ಥಿಗಳೆ, ನಿಮಗೊಂದು ಮಾತು. ಹೊಸದನ್ನು ಎಲ್ಲರಿಗಿಂತ ಮೊದಲು ಹೊಂದಿದೆವೆಂಬ ಹೆಮ್ಮೆ ಎಂಟು ದಿನದ್ದು. ನಮಗೆ ಅದರ ಅನುಭವವಾಗಿದೆ. ಎಲ್ಲರಿಗಿಂತ ಮೊದಲು ಅದರ ತಪ್ಪನ್ನು ಕಂಡು, ಮುಂದೆ ಬಳಸುವ ಕನ್ನಡಿಗರೆಲ್ಲರಿಗೂ ಆ ತೊಂದರೆ ತಪ್ಪಿಸಿದೆವೆಂಬ ತೃಪ್ತಿ ಬಹುಕಾಲದ್ದು. ಗಡಿನಾಡಿನ ಚಿಕ್ಕ ಶಾಲೆಯೊಂದು ಕನ್ನಡಕ್ಕೆ ಮಾಡಬಹುದಾದ ಸೇವೆಗಳಲ್ಲಿ ಇದೂ ಒಂದು.

ಜಗಲಿಯ ಆ ಬೆಂಚನ್ನು ಈಗ ಮೇಜಿನ ಎದುರಿಗೇ ಹಾಕಿಸಿದ್ದೇವೆ. ಕುಳಿತವರ ಮುಖ ನೆರವು ನೀಡುವವರಿಗೆ ಕಾಣುತ್ತಿರಲೆಂದು ಹಾಗೆ ಮಾಡಿದೆವು.